ಯಂತ್ರ ಕೈಬಿಟ್ಟ ಕ್ಷಣ: ಸ್ವಯಂಚಾಲಿತ ಕಾರಿನಲ್ಲಿ ಚಾಲಕನ ಎಚ್ಚರ

2025ರ ಮಾರ್ಚ್ 29ರ ರಾತ್ರಿ. ಚೀನಾದ ಅನ್‌ಹುಯಿ ಪ್ರಾಂತ್ಯದ ಎಕ್ಸ್‌ಪ್ರೆಸ್ ಹೆದ್ದಾರಿಯೊಂದರಲ್ಲಿ ಷಿಯೋಮಿ ಕಂಪನಿಯ ಎಸ್‌ಯು7 ಎಂಬ ವಿದ್ಯುತ್ ಚಾಲಿತ ಕಾರು ಚಾಲಕ ನೆರವು ವ್ಯವಸ್ಥೆಯ ಹಿಡಿತದಲ್ಲಿ ಗಂಟೆಗೆ 116 ಕಿ.ಮೀ. ವೇಗದಲ್ಲಿ ಸಾಗುತ್ತಿತ್ತು. ಮುಂದೆ ರಸ್ತೆ ದುರಸ್ತಿ ನಡೆದಿತ್ತು. ಪಥವನ್ನು ಮುಚ್ಚಿ ವಾಹನಗಳನ್ನು ಪಕ್ಕಕ್ಕೆ ತಿರುಗಿಸಲಾಗಿತ್ತು. ಅಡಚಣೆಯನ್ನು ಗುರುತಿಸಿದ ಯಂತ್ರವು ಎಚ್ಚರಿಕೆ ನೀಡಿ ವೇಗ ತಗ್ಗಿಸತೊಡಗಿತು. ಮರುಕ್ಷಣವೇ ಚಾಲನೆ ಮನುಷ್ಯನ ಕೈಗೆ ಬಂದಿತು. ಆದರೆ ಕಂಪನಿಯೇ ಬಹಿರಂಗಪಡಿಸಿದ ದಾಖಲೆಯ ಪ್ರಕಾರ ಎಚ್ಚರಿಕೆ ಮೊಳಗಿದ ಕೆಲವೇ ಸೆಕೆಂಡುಗಳಲ್ಲಿ ಕಾರು ಕಾಂಕ್ರೀಟ್ ತಡೆಗೋಡೆಗೆ ಅಪ್ಪಳಿಸಿತು. ಢಿಕ್ಕಿಗೆ ಮುನ್ನ ದಾಖಲಾದ ಕೊನೆಯ ವೇಗ ಸುಮಾರು 97 ಕಿ.ಮೀ. ಕಾರಿನಲ್ಲಿದ್ದ ಮೂವರು ಯುವತಿಯರು ಸಾವಿಗೀಡಾದರು.

ಈ ದುರಂತದಲ್ಲಿ ಯಂತ್ರ ಎಚ್ಚರಿಸಲಿಲ್ಲ ಎನ್ನುವಂತಿಲ್ಲ. ಮನುಷ್ಯ ಸ್ಪಂದಿಸಲಿಲ್ಲ ಎನ್ನುವಂತೆಯೂ ಇಲ್ಲ. ಎರಡೂ ನಡೆದವು, ಆದರೂ ಜೀವಗಳು ಉಳಿಯಲಿಲ್ಲ. ಸ್ವಯಂಚಾಲಿತ ವಾಹನಗಳ ಕುರಿತು ವಿಜ್ಞಾನಿಗಳು ಹಲವು ದಶಕಗಳಿಂದ ಕೇಳುತ್ತಿರುವ ಪ್ರಶ್ನೆ ಇಲ್ಲಿಯೇ ಅಡಗಿದೆ. ಯಂತ್ರ ಕೈಬಿಟ್ಟಾಗ ಚಾಲಕನ ಕೈ ಸ್ಟೀರಿಂಗ್ ಮೇಲೆ ಬರಲು ಒಂದೆರಡು ಸೆಕೆಂಡು ಸಾಕು. ಆದರೆ ರಸ್ತೆಯ ಸ್ಥಿತಿಗತಿ ಆತನ ಮನಸ್ಸಿಗೆ ಮರಳಲು ಎಷ್ಟು ಹೊತ್ತು ಬೇಕು?

ಆರು ಹಂತಗಳು, ಒಂದು ಗೊಂದಲ

ವಾಹನಗಳ ಸ್ವಯಂಚಾಲನೆಯನ್ನು ಅಳೆಯಲು ಜಗತ್ತಿನಾದ್ಯಂತ ಬಳಕೆಯಲ್ಲಿರುವುದು ಅಮೆರಿಕದ ವಾಹನ ಎಂಜಿನಿಯರುಗಳ ಸಂಸ್ಥೆಯಾದ ಎಸ್‌ಎಇ 2014ರಲ್ಲಿ ಮೊದಲು ಪ್ರಕಟಿಸಿ ಅನಂತರ ಹಲವು ಬಾರಿ ಪರಿಷ್ಕರಿಸಿದ ವರ್ಗೀಕರಣ. ಇದರಲ್ಲಿ ಸೊನ್ನೆಯಿಂದ ಐದರವರೆಗೆ ಆರು ಹಂತಗಳಿವೆ. ಸೊನ್ನೆ ಹಂತದಲ್ಲಿ ಚಾಲನೆ ಪೂರ್ಣವಾಗಿ ಮನುಷ್ಯನದು. ಒಂದನೆಯ ಹಂತದಲ್ಲಿ ವೇಗ ಅಥವಾ ಸ್ಟೀರಿಂಗ್, ಎರಡರಲ್ಲೊಂದನ್ನು ಯಂತ್ರ ನಿಭಾಯಿಸುತ್ತದೆ. ಎರಡನೆಯ ಹಂತದಲ್ಲಿ ಎರಡನ್ನೂ ಯಂತ್ರವೇ ನೋಡಿಕೊಳ್ಳುತ್ತದೆ. ಆದರೆ ರಸ್ತೆಯ ಮೇಲೆ ಕಣ್ಣಿಟ್ಟಿರಬೇಕಾದ ಹೊಣೆ ಪ್ರತಿಕ್ಷಣವೂ ಚಾಲಕನದೇ.

ಮೂರನೆಯ ಹಂತದಲ್ಲಿ ಚಿತ್ರ ಬದಲಾಗುತ್ತದೆ. ನಿಗದಿತ ರಸ್ತೆ ಹಾಗೂ ವೇಗದ ಮಿತಿಯೊಳಗೆ ಯಂತ್ರವೇ ಚಾಲಕ. ಮನುಷ್ಯ ರಸ್ತೆಯಿಂದ ಕಣ್ಣು ತೆಗೆಯಬಹುದು. ಆದರೆ ಯಂತ್ರ ಕರೆ ನೀಡಿದಾಗ ಚಾಲನೆಯನ್ನು ಮರಳಿ ಸ್ವೀಕರಿಸಬೇಕು. ನಾಲ್ಕನೆಯ ಹಂತದಲ್ಲಿ ನಿಗದಿತ ಪ್ರದೇಶದೊಳಗೆ ತೊಂದರೆ ಎದುರಾದರೂ ಯಂತ್ರವೇ ವಾಹನವನ್ನು ಸುರಕ್ಷಿತವಾಗಿ ನಿಲ್ಲಿಸಬೇಕು. ಐದನೆಯದು ಎಲ್ಲೆಡೆಯೂ ಎಲ್ಲ ಸ್ಥಿತಿಯಲ್ಲೂ ಮನುಷ್ಯನ ಹಂಗಿಲ್ಲದೆ ಓಡುವ ವಾಹನ; ಅದಿನ್ನೂ ಕಲ್ಪನೆಯಷ್ಟೇ.

ನಿಯಂತ್ರಣದ ಹಸ್ತಾಂತರ ಎಂಬ ಸಮಸ್ಯೆ ತೀವ್ರವಾಗಿರುವುದು ಎರಡು ಮತ್ತು ಮೂರನೆಯ ಹಂತಗಳಲ್ಲಿ. ಎರಡನೆಯ ಹಂತದ ಕಾರು ಚಾಲಕನಿಗೆ ಹೇಳುವುದು ಇಷ್ಟು: ಕೆಲಸ ನನ್ನದು, ಕಾವಲು ನಿನ್ನದು. ಮೂರನೆಯ ಹಂತದ ಕಾರು ಹೇಳುವುದು: ಕಾವಲೂ ನನ್ನದು, ಕರೆದಾಗ ಮಾತ್ರ ಬಾ. ಎರಡೂ ಕಡೆ ಮನುಷ್ಯ ಮೀಸಲು ಆಟಗಾರ. ಆತ ಯಾವಾಗ ಅಂಗಳಕ್ಕಿಳಿಯಬೇಕು ಎಂಬುದು ಮಾತ್ರ ಮೊದಲೇ ತಿಳಿದಿರುವುದಿಲ್ಲ.

ಸನ್ನಿವೇಶದ ಅರಿವು ಎಂದರೇನು?

ವಾಹನ ಚಲಾಯಿಸುವುದೆಂದರೆ ಕೈಕಾಲುಗಳ ಕೆಲಸ ಮಾತ್ರವಲ್ಲ. ಅನುಭವಿ ಚಾಲಕನೊಬ್ಬ ಹೆದ್ದಾರಿಯಲ್ಲಿ ಸಾಗುವಾಗ ಎಡಗಡೆಯ ಲಾರಿ, ಕನ್ನಡಿಯಲ್ಲಿ ಕಾಣುವ ಬಸ್ಸು, ಮುಂದಿನ ಕಾರಿನ ಬ್ರೇಕ್ ದೀಪ, ದೂರದ ತಿರುವು ಇವೆಲ್ಲದರ ಚಿತ್ರವೊಂದನ್ನು ಮನಸ್ಸಿನಲ್ಲಿ ಸದಾ ಕಟ್ಟುತ್ತಿರುತ್ತಾನೆ, ಅಳಿಸುತ್ತಿರುತ್ತಾನೆ, ತಿದ್ದುತ್ತಿರುತ್ತಾನೆ. ಅಮೆರಿಕದ ಸಂಶೋಧಕಿ ಮೈಕಾ ಎಂಡ್ಸ್‌ಲಿ ಅವರು 1995ರಲ್ಲಿ ಮಂಡಿಸಿದ ಪ್ರಸಿದ್ಧ ಸಿದ್ಧಾಂತದಲ್ಲಿ ಈ 'ಸನ್ನಿವೇಶದ ಅರಿವಿ'ಗೆ ಮೂರು ಮೆಟ್ಟಿಲುಗಳನ್ನು ಗುರುತಿಸಿದ್ದಾರೆ. ಮೊದಲನೆಯದು ಸುತ್ತಲಿರುವುದನ್ನು ಕಾಣುವುದು. ಎರಡನೆಯದು ಕಂಡದ್ದರ ಅರ್ಥ ಗ್ರಹಿಸುವುದು. ಮೂರನೆಯದು ಮುಂದಿನ ಕೆಲವು ಕ್ಷಣಗಳಲ್ಲಿ ಏನಾಗಲಿದೆ ಎಂಬುದನ್ನು ಊಹಿಸುವುದು.

ಶಾಲೆಯೊಂದರ ಮುಂದೆ ರಸ್ತೆಯಂಚಿಗೆ ಚೆಂಡೊಂದು ಉರುಳಿ ಬಂದಿತೆನ್ನಿ. ಚೆಂಡನ್ನು ಕಾಣುವುದು ಮೊದಲ ಮೆಟ್ಟಿಲು. ಸಮೀಪದಲ್ಲಿ ಮಕ್ಕಳು ಆಡುತ್ತಿದ್ದಾರೆ ಎಂದು ತಿಳಿಯುವುದು ಎರಡನೆಯದು. ಅದರ ಹಿಂದೆಯೇ ಮಗುವೊಂದು ಓಡಿ ಬಂದೀತು ಎಂದು ಬ್ರೇಕಿನ ಮೇಲೆ ಕಾಲಿಡುವುದು ಮೂರನೆಯದು. ಚಾಲನೆಯನ್ನು ಯಂತ್ರಕ್ಕೆ ಒಪ್ಪಿಸಿ ಬೇರೆಡೆ ಮನಸ್ಸಿಟ್ಟವನು ಈ ಮೂರೂ ಮೆಟ್ಟಿಲುಗಳಿಂದ ಕೆಳಗಿಳಿದಿರುತ್ತಾನೆ. ಕರೆಗಂಟೆ ಮೊಳಗಿದಾಗ ಮತ್ತೆ ಮೊದಲಿನಿಂದಲೇ ಹತ್ತಬೇಕು. ಹೀಗೆ ನಿಯಂತ್ರಣದ ವೃತ್ತದಿಂದ ಹೊರಗುಳಿದವನು ತಡವಾಗಿ ಹಾಗೂ ತಪ್ಪಾಗಿ ಸ್ಪಂದಿಸುವ ಸಾಧ್ಯತೆ ಹೆಚ್ಚು ಎಂಬುದನ್ನು ಎಂಡ್ಸ್‌ಲಿ ಹಾಗೂ ಅವರ ಸಹೋದ್ಯೋಗಿ ಅದೇ ವರ್ಷ ಪ್ರಯೋಗದ ಮೂಲಕ ತೋರಿಸಿದ್ದರು.

ಕಾವಲು ಕಾಯುವ ಕಷ್ಟ

ಮನುಷ್ಯನ ಈ ದೌರ್ಬಲ್ಯ ಕಾರುಗಳಿಂದಾಗಿ ಹುಟ್ಟಿದ್ದಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ರೇಡಾರ್ ಸಿಬ್ಬಂದಿ ಪರದೆಯ ಮುಂದೆ ಹೊತ್ತುಗಟ್ಟಲೆ ಕುಳಿತು ಶತ್ರುವಿನ ಸುಳಿವನ್ನು ಗಮನಿಸಬೇಕಿತ್ತು. ಅವರು ಸುಳಿವು ತಪ್ಪಿಸಿಕೊಳ್ಳುವುದೇಕೆ ಎಂಬುದನ್ನು ಅರಿಯಲು ಮನೋವಿಜ್ಞಾನಿ ನಾರ್ಮನ್ ಮ್ಯಾಕ್‌ವರ್ತ್ ಒಂದು ಗಡಿಯಾರದಂತಹ ಸಾಧನ ರೂಪಿಸಿದರು. ಮುಳ್ಳು ಒಂದೊಂದೇ ಹೆಜ್ಜೆ ಜಿಗಿಯುತ್ತ ಸಾಗುತ್ತದೆ. ಅಪರೂಪಕ್ಕೊಮ್ಮೆ ಎರಡು ಹೆಜ್ಜೆ ಜಿಗಿಯುತ್ತದೆ. ಅದನ್ನು ಗುರುತಿಸಿ ಗುಂಡಿ ಒತ್ತಬೇಕು. ಎರಡು ಗಂಟೆಗಳ ಈ ಪರೀಕ್ಷೆಯಲ್ಲಿ ಮೊದಲ ಅರ್ಧ ಗಂಟೆ ಕಳೆಯುವಷ್ಟರಲ್ಲಿಯೇ ಜಾಗರೂಕತೆ ಗಣನೀಯವಾಗಿ ಕುಸಿಯುವುದು 1948ರಲ್ಲಿ ಪ್ರಕಟವಾದ ಅವರ ಅಧ್ಯಯನದಿಂದ ತಿಳಿದುಬಂದಿತು. ಇದು ಸೋಮಾರಿತನವಲ್ಲ. ಬಹುಮಟ್ಟಿಗೆ ಏನೂ ಘಟಿಸದ ಕಡೆ ನೋಟ ನೆಟ್ಟಿರುವುದು ಮನುಷ್ಯನ ಮೆದುಳಿಗೆ ಒಗ್ಗುವ ಕೆಲಸವಲ್ಲ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿದ್ದ ಮನೋವಿಜ್ಞಾನಿ ಲಿಸಾನ್ ಬೇನ್‌ಬ್ರಿಜ್ 1983ರಲ್ಲಿ ಬರೆದ ಪ್ರಬಂಧವೊಂದು ಈ ಕ್ಷೇತ್ರದ ಮೂಲಗ್ರಂಥದಂತೆ ಮಾನ್ಯವಾಗಿದೆ. ಯಂತ್ರೀಕರಣದಲ್ಲಿರುವ ವಿಪರ್ಯಾಸವನ್ನು ಅವರು ಬಿಡಿಸಿಟ್ಟರು. ವಿನ್ಯಾಸಕಾರರು ಮನುಷ್ಯನನ್ನು ನೆಚ್ಚಿಕೊಳ್ಳಲಾಗದೆಂದು ಸುಲಭ ಕೆಲಸಗಳನ್ನು ಯಂತ್ರಕ್ಕೆ ವಹಿಸುತ್ತಾರೆ. ಯಂತ್ರಕ್ಕೆ ನಿಲುಕದ ಕ್ಲಿಷ್ಟ ಕೆಲಸವನ್ನು ಮಾತ್ರ ಅದೇ ಮನುಷ್ಯನಿಗೆ ಬಿಡುತ್ತಾರೆ. ದಿನವೂ ಕೈಯಾಡಿಸದ ಕಾರಣ ಆತನ ಕೌಶಲವೂ ಮಂಕಾಗಿರುತ್ತದೆ. ಹೀಗೆ ಅತಿ ಕಠಿಣ ಗಳಿಗೆಯಲ್ಲಿ, ಅತಿ ಕಡಿಮೆ ಸಿದ್ಧತೆಯಿರುವಾಗ ಮನುಷ್ಯನಿಗೆ ಬುಲಾವು ಬರುತ್ತದೆ.

ಇದರ ಘೋರ ಉದಾಹರಣೆಯನ್ನು ಜಗತ್ತು 2009ರ ಜೂನ್ 1ರಂದು ಕಂಡಿತು. ರಿಯೊ ಡಿ ಜನೈರೊದಿಂದ ಪ್ಯಾರಿಸ್ಸಿಗೆ ಹೊರಟಿದ್ದ ಏರ್ ಫ್ರಾನ್ಸ್ 447 ವಿಮಾನದ ವೇಗಮಾಪಕ ನಳಿಕೆಗಳಲ್ಲಿ ಅಟ್ಲಾಂಟಿಕ್ ಸಾಗರದ ಮೇಲೆ ಹಿಮ ಕಟ್ಟಿಕೊಂಡು ಆಟೊಪೈಲಟ್ ಕಳಚಿಕೊಂಡಿತು. ಅನಿರೀಕ್ಷಿತವಾಗಿ ಹಾರಾಟದ ಹೊಣೆ ಪೈಲಟುಗಳ ಮೇಲೆ ಬಿದ್ದಿತು. ವಿಮಾನ ಆಧಾರ ಕಳೆದುಕೊಂಡು ಕುಸಿಯುತ್ತಿದ್ದರೂ ಏನಾಗುತ್ತಿದೆ ಎಂಬುದು ಅವರಿಗೆ ಅರ್ಥವಾಗಲಿಲ್ಲ. ಆಟೊಪೈಲಟ್ ಕಳಚಿದ ಸುಮಾರು ನಾಲ್ಕೂವರೆ ನಿಮಿಷದೊಳಗೆ ವಿಮಾನ ಸಮುದ್ರ ಸೇರಿತು. 228 ಮಂದಿ ಅಸುನೀಗಿದರು. ತರಬೇತಿ ಪಡೆದ ಪೈಲಟುಗಳಿಗೆ ನಾಲ್ಕು ನಿಮಿಷ ದೊರಕಿತ್ತು. ಹೆದ್ದಾರಿಯ ಸಾಮಾನ್ಯ ಚಾಲಕನಿಗೆ ದೊರಕುವುದು ಸೆಕೆಂಡುಗಳು ಮಾತ್ರ.

ಎಷ್ಟು ಸೆಕೆಂಡು ಬೇಕು?

ಕಳೆದ ಒಂದೂವರೆ ದಶಕದಲ್ಲಿ ಯುರೋಪಿನ ಹಲವು ವಿಶ್ವವಿದ್ಯಾಲಯಗಳು ಕೃತಕ ಚಾಲನಾ ಕೊಠಡಿಗಳಲ್ಲಿ ಈ ಪ್ರಶ್ನೆಯನ್ನು ಪರೀಕ್ಷೆಗೊಳಪಡಿಸಿವೆ. ಜರ್ಮನಿಯ ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯದ ತಂಡ 2013ರಲ್ಲಿ ಚಾಲಕರಿಗೆ 5 ಮತ್ತು 7 ಸೆಕೆಂಡುಗಳ ಮುನ್ಸೂಚನೆ ಕೊಟ್ಟು ನೋಡಿತು. ಸಮಯ ಕಡಿಮೆಯಿದ್ದಾಗ ಚಾಲಕರು ಬೇಗ ನಿರ್ಧಾರ ಕೈಗೊಂಡರು. ಆದರೆ ಆ ನಿರ್ಧಾರಗಳ ಗುಣಮಟ್ಟ ಕಳಪೆಯಾಗಿತ್ತು. ಬೇಗ ಸ್ಪಂದಿಸಿದವನು ಸರಿಯಾಗಿ ಸ್ಪಂದಿಸಿದನೆಂದು ಹೇಳಲಾಗದು ಎಂಬುದೇ ಇದರ ತಾತ್ಪರ್ಯ.

ಬ್ರಿಟನ್ನಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 26 ಚಾಲಕರನ್ನು ತುರ್ತಿಲ್ಲದ ಸಂದರ್ಭದಲ್ಲಿ, ಅವರದೇ ವೇಗದಲ್ಲಿ ನಿಯಂತ್ರಣ ಪಡೆಯುವಂತೆ ಕೋರಿದರು. 2017ರಲ್ಲಿ ಪ್ರಕಟವಾದ ಫಲಿತಾಂಶದಂತೆ ಇದಕ್ಕೆ ಹಿಡಿದ ಅವಧಿ 1.9 ಸೆಕೆಂಡಿನಿಂದ 25.7 ಸೆಕೆಂಡಿನವರೆಗೆ ಹರಡಿಕೊಂಡಿತ್ತು. ಅಂದರೆ 'ಸರಾಸರಿ ಚಾಲಕ'ನನ್ನು ಲೆಕ್ಕಕ್ಕೆ ಹಿಡಿದು ಕಾರು ರೂಪಿಸಿದರೆ ನಿಧಾನಿಗಳು ಅಪಾಯಕ್ಕೆ ಸಿಲುಕುವುದು ಖಚಿತ.

ಕೈ ಸ್ಟೀರಿಂಗ್ ಹಿಡಿದ ಮಾತ್ರಕ್ಕೆ ಹಸ್ತಾಂತರ ಮುಗಿಯುವುದಿಲ್ಲ. ಲೀಡ್ಸ್ ವಿಶ್ವವಿದ್ಯಾಲಯದ ತಂಡ 2014ರಲ್ಲಿ ವರದಿ ಮಾಡಿದಂತೆ, ನಿಯಂತ್ರಣ ಪಡೆದ ಚಾಲಕರು ವಾಹನವನ್ನು ಪಥದೊಳಗೆ ಸ್ಥಿರವಾಗಿ ನಡೆಸುವಂತಾಗಲು 35ರಿಂದ 40 ಸೆಕೆಂಡುಗಳೇ ಬೇಕಾದವು. ನೆದರ್ಲೆಂಡ್ಸ್‌ನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು 34 ಮಂದಿಗೆ ಮೂರು ಪಥಗಳ ರಸ್ತೆಯ ದೃಶ್ಯಗಳನ್ನು 1ರಿಂದ 20 ಸೆಕೆಂಡುಗಳವರೆಗೆ ತೋರಿಸಿ, ಸುತ್ತಲಿನ ಕಾರುಗಳು ಎಲ್ಲೆಲ್ಲಿದ್ದವು ಎಂದು ಗುರುತಿಸಲು ಹೇಳಿದರು. ಕಾರುಗಳ ಸಂಖ್ಯೆ ಹಾಗೂ ಸ್ಥಾನವನ್ನು ಗ್ರಹಿಸಲು 7ರಿಂದ 12 ಸೆಕೆಂಡುಗಳು ಸಾಕಾದವು. ಆದರೆ ಯಾವ ಕಾರು ಎಷ್ಟು ವೇಗದಲ್ಲಿದೆ ಎಂಬ ಅಂದಾಜು 20 ಸೆಕೆಂಡು ಕಳೆದರೂ ಸುಧಾರಿಸುತ್ತಲೇ ಇತ್ತು.

ಈ ಅಂಕಿಗಳನ್ನು ರಸ್ತೆಯ ಅಳತೆಗೆ ಇಳಿಸಿದರೆ ಗಾಂಭೀರ್ಯ ತಿಳಿಯುತ್ತದೆ. ಗಂಟೆಗೆ 100 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಸಾಗುತ್ತದೆ. ಹತ್ತು ಸೆಕೆಂಡುಗಳಲ್ಲಿ ಕ್ರಮಿಸುವ ದೂರ ಸುಮಾರು 280 ಮೀಟರ್. ನಲವತ್ತು ಸೆಕೆಂಡುಗಳಲ್ಲಿ ಒಂದು ಕಿಲೋಮೀಟರಿಗೂ ಹೆಚ್ಚು. ಅಷ್ಟು ದೂರವನ್ನು ಚಾಲಕ ಅರೆಬರೆ ಅರಿವಿನಲ್ಲಿ ಸಾಗುತ್ತಾನೆ.

ಮೂರು ಅಪಘಾತಗಳು, ಒಂದೇ ಪಾಠ

ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ ತನಿಖಾ ವರದಿಗಳು ಈ ವಿಷಯದಲ್ಲಿ ಅಮೂಲ್ಯ ದಾಖಲೆಗಳಾಗಿವೆ.

2016ರ ಮೇ 7ರಂದು ಫ್ಲಾರಿಡಾದ ವಿಲ್ಲಿಸ್ಟನ್ ಬಳಿ ಆಟೊಪೈಲಟ್ ಚಾಲನೆಯಲ್ಲಿದ್ದ ಟೆಸ್ಲಾ ಮಾಡೆಲ್ ಎಸ್ ಕಾರು ಹೆದ್ದಾರಿಯನ್ನು ಅಡ್ಡಹಾಯುತ್ತಿದ್ದ ಟ್ರೇಲರ್ ಲಾರಿಯ ಅಡಿ ನುಗ್ಗಿ ಚಾಲಕ ಮೃತಪಟ್ಟನು. ವ್ಯವಸ್ಥೆ 37 ನಿಮಿಷಗಳ ಕಾಲ ಚಾಲೂ ಇತ್ತು. ಆ ಅವಧಿಯಲ್ಲಿ ಸ್ಟೀರಿಂಗ್ ಮೇಲೆ ಕೈಯಿರುವುದು ದಾಖಲಾದದ್ದು ಕೇವಲ 25 ಸೆಕೆಂಡು. ಢಿಕ್ಕಿಗೆ ಕನಿಷ್ಠ 7 ಸೆಕೆಂಡು ಮೊದಲೇ ಲಾರಿ ಚಾಲಕನ ಕಣ್ಣಿಗೆ ಬೀಳುವಂತಿತ್ತು ಎಂದು ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆ ಅಂದಾಜಿಸಿತು. ಇಲ್ಲಿ ಯಂತ್ರ ಎಚ್ಚರಿಸಲೇ ಇಲ್ಲ, ಏಕೆಂದರೆ ಅದು ಅಪಾಯವನ್ನು ಗುರುತಿಸಿರಲಿಲ್ಲ.

2018ರ ಮಾರ್ಚ್ 18ರ ರಾತ್ರಿ ಅರಿಜೋನಾದ ಟೆಂಪಿ ನಗರದಲ್ಲಿ ಊಬರ್ ಕಂಪನಿಯ ಪ್ರಾಯೋಗಿಕ ಸ್ವಯಂಚಾಲಿತ ಕಾರು, ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ 49 ವರ್ಷದ ಮಹಿಳೆಗೆ ಬಡಿದು ಆಕೆ ಅಸುನೀಗಿದರು. ಸ್ವಯಂಚಾಲಿತ ವಾಹನದಿಂದ ಪಾದಚಾರಿಯೊಬ್ಬರು ಮೃತಪಟ್ಟ ಮೊದಲ ಪ್ರಕರಣವಿದು. ಯಂತ್ರ 5.6 ಸೆಕೆಂಡು ಮೊದಲೇ ಆಕೆಯನ್ನು ಗ್ರಹಿಸಿದ್ದರೂ ಒಮ್ಮೆ ವಾಹನವೆಂದು, ಒಮ್ಮೆ ಬೇರಾವುದೋ ವಸ್ತುವೆಂದು, ಇನ್ನೊಮ್ಮೆ ಸೈಕಲ್ ಎಂದು ಎಣಿಸುತ್ತಲೇ ಇತ್ತು. ಎಚ್ಚರಿಕೆಯ ಸದ್ದು ಹೊರಟಿದ್ದು ಢಿಕ್ಕಿಗೆ 0.2 ಸೆಕೆಂಡು ಮೊದಲು! ಮೇಲ್ವಿಚಾರಣೆಗೆಂದು ಕುಳಿತಿದ್ದ ಸಿಬ್ಬಂದಿಯ ಗಮನ ಮೊಬೈಲ್ ಫೋನಿನ ಮೇಲಿತ್ತು. ಕಾರಿನಲ್ಲಿ ಇಬ್ಬರು ಸಿಬ್ಬಂದಿ ಇರುತ್ತಿದ್ದ ಪದ್ಧತಿಯನ್ನು ಕಂಪನಿ ಅದಕ್ಕೂ ಮೊದಲೇ ಕೈಬಿಟ್ಟಿತ್ತು. ಮೇಲ್ವಿಚಾರಕರು ಯಂತ್ರವನ್ನು ನಂಬಿ ಮೈಮರೆಯುವ ಪ್ರವೃತ್ತಿಯನ್ನು ತಡೆಯಲು ಕಂಪನಿ ತಕ್ಕ ಏರ್ಪಾಡು ಮಾಡಿರಲಿಲ್ಲ ಎಂದು ಮಂಡಳಿ 2019ರಲ್ಲಿ ಆಕ್ಷೇಪಿಸಿತು. ಆದರೆ ಕ್ರಿಮಿನಲ್ ಮೊಕದ್ದಮೆ ಎದುರಿಸಿದ್ದು ಸಿಬ್ಬಂದಿ ಮಾತ್ರ. 2023ರ ಜುಲೈನಲ್ಲಿ ತಪ್ಪೊಪ್ಪಿಕೊಂಡ ಅವರಿಗೆ ಮೂರು ವರ್ಷಗಳ ನಿಗಾವಣೆಯ ಶಿಕ್ಷೆ ವಿಧಿಸಲಾಯಿತು.

ಅದೇ 2018ರ ಮಾರ್ಚ್ 23ರಂದು ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂ ಬಳಿ ಟೆಸ್ಲಾ ಮಾಡೆಲ್ ಎಕ್ಸ್ ಕಾರು ಎರಡು ಹಾದಿಗಳು ಕವಲೊಡೆಯುವ ಜಾಗದಲ್ಲಿ ಪಥ ತಪ್ಪಿ, ವೇಗ ಹೆಚ್ಚಿಸಿಕೊಂಡು, ಗಂಟೆಗೆ ಸುಮಾರು 114 ಕಿ.ಮೀ. ವೇಗದಲ್ಲಿ ತಡೆಗೆ ಅಪ್ಪಳಿಸಿತು. ಕೊನೆಯ 6 ಸೆಕೆಂಡುಗಳಲ್ಲಿ ಚಾಲಕನ ಕೈ ಸ್ಟೀರಿಂಗ್ ಮೇಲಿರಲಿಲ್ಲ. ಆತ ಬಹುಶಃ ಫೋನಿನಲ್ಲಿ ಆಟದಲ್ಲಿ ಮಗ್ನನಾಗಿದ್ದನೆಂದು ತನಿಖೆ ಹೇಳಿತು.

ಮೂರೂ ಪ್ರಕರಣಗಳಲ್ಲಿ ಚಾಲಕನ ಅಲಕ್ಷ್ಯ ಎದ್ದು ಕಾಣುತ್ತದೆ. ಆದರೆ ಚಾಲಕನನ್ನು ದೂರಿ ಕೈತೊಳೆದುಕೊಳ್ಳುವುದಕ್ಕೆ ತನಿಖಾಧಿಕಾರಿಗಳು ಒಪ್ಪಲಿಲ್ಲ. ದಿನವೂ ತಪ್ಪಿಲ್ಲದೆ ಓಡುವ ಯಂತ್ರದ ಮುಂದೆ ಮನುಷ್ಯ ಮೈಮರೆಯುವುದು ಮೊದಲೇ ಊಹಿಸಬಹುದಾದ ಸಂಗತಿ. ಅದನ್ನು ತಡೆಯುವ ಹೊಣೆ ವಿನ್ಯಾಸಕಾರರದೂ ಹೌದು ಎಂಬುದು ಆ ವರದಿಗಳ ತಿರುಳು.

ಈ ಸತ್ಯವನ್ನು ಗೂಗಲ್ ಕಂಪನಿ ಬಹು ಮೊದಲೇ ಮನಗಂಡಿತ್ತು. ಒಂದು ದಶಕಕ್ಕೂ ಹಿಂದೆ ತನ್ನ ಉದ್ಯೋಗಿಗಳಿಗೇ ಹೆದ್ದಾರಿಯಲ್ಲಿ ಅರೆ ಸ್ವಯಂಚಾಲಿತ ಕಾರುಗಳನ್ನು ಓಡಿಸಲು ಕೊಟ್ಟು, ಒಳಗೆ ಕ್ಯಾಮೆರಾ ಇರಿಸಿತ್ತು. ಕ್ಯಾಮೆರಾ ಇರುವುದು ತಿಳಿದಿದ್ದರೂ ಕೆಲವರು ಫೋನ್ ನೋಡುತ್ತಿದ್ದರು, ಪ್ರಸಾಧನ ಮಾಡಿಕೊಳ್ಳುತ್ತಿದ್ದರು. ಒಬ್ಬರಂತೂ ನಿದ್ದೆಗೇ ಜಾರಿದ್ದರು. ಆ ಬಳಿಕ ಮನುಷ್ಯನಿಗೆ ಚಾಲನೆ ಮರಳಿಸುವ ಯೋಚನೆಯನ್ನೇ ಕಂಪನಿ ಕೈಬಿಟ್ಟು ಪೂರ್ಣ ಸ್ವಯಂಚಾಲನೆಯತ್ತ ಹೊರಳಿತು. ಈಗಿನ ವೇಮೊ ಟ್ಯಾಕ್ಸಿಗಳು ಆ ನಿರ್ಧಾರದ ಫಲ.

ಎಚ್ಚರವನ್ನು ಅಳೆಯುವ ಬಗೆ

ಎರಡನೆಯ ಹಂತದ ಕಾರುಗಳಲ್ಲಿ ಚಾಲಕನ ಮೇಲೆ ನಿಗಾ ಇಡಲು ಎರಡು ವಿಧಾನಗಳು ರೂಢಿಯಲ್ಲಿವೆ. ಮೊದಲನೆಯದು ಸ್ಟೀರಿಂಗ್ ಮೇಲೆ ಕೈಯ ಒತ್ತಡವನ್ನು ಗುರುತಿಸುವುದು. ಇದನ್ನು ವಂಚಿಸುವುದು ಸುಲಭ. ಭಾರದ ವಸ್ತುವೊಂದನ್ನು ಸಿಕ್ಕಿಸಿ ಯಂತ್ರವನ್ನು ಮೋಸಗೊಳಿಸಿದವರಿದ್ದಾರೆ. ಎರಡನೆಯದು ಚಾಲಕನ ಮುಖಕ್ಕೆ ನೆಟ್ಟ ಕ್ಯಾಮೆರಾ. ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿ 2017ರಲ್ಲಿ ಕ್ಯಾಡಿಲ್ಯಾಕ್ ಸಿಟಿ6 ಕಾರಿನಲ್ಲಿ ಇಂತಹ ಕ್ಯಾಮೆರಾ ಅಳವಡಿಸಿತು. ಕಣ್ಣು ರಸ್ತೆಯಿಂದ ಸರಿದರೆ ಅದು ಎಚ್ಚರಿಸುತ್ತದೆ.

ಆದರೂ ಸ್ಥಿತಿ ತೃಪ್ತಿಕರವಾಗಿಲ್ಲ. ಅಮೆರಿಕದ ವಿಮಾ ಸಂಸ್ಥೆಗಳ ಬೆಂಬಲದ ಹೆದ್ದಾರಿ ಸುರಕ್ಷತಾ ಸಂಸ್ಥೆ 2024ರ ಮಾರ್ಚ್‌ನಲ್ಲಿ 14 ವ್ಯವಸ್ಥೆಗಳನ್ನು ಪರೀಕ್ಷಿಸಿದಾಗ 11 'ಕಳಪೆ' ದರ್ಜೆ ಪಡೆದವು. 'ಸ್ವೀಕಾರಾರ್ಹ' ಎನಿಸಿದ್ದು ಒಂದೇ ಒಂದು. ಅದಕ್ಕೂ ಮೊದಲು 2023ರ ಡಿಸೆಂಬರ್‌ನಲ್ಲಿ ಚಾಲಕನ ಗಮನ ಕಾಯುವ ಏರ್ಪಾಡು ಸಾಲದೆಂಬ ಕಾರಣಕ್ಕೆ ಟೆಸ್ಲಾ ಅಮೆರಿಕದಲ್ಲಿ 20 ಲಕ್ಷಕ್ಕೂ ಹೆಚ್ಚು ಕಾರುಗಳ ತಂತ್ರಾಂಶವನ್ನು ಪರಿಷ್ಕರಿಸಬೇಕಾಯಿತು.

ಕ್ಯಾಮೆರಾಕ್ಕೂ ಮಿತಿಯಿದೆ. ಕಣ್ಣು ಎತ್ತ ನೋಡುತ್ತಿದೆ ಎಂಬುದನ್ನು ಅದು ಹೇಳಬಲ್ಲದು. ಮನಸ್ಸು ಎಲ್ಲಿದೆ ಎಂಬುದನ್ನಲ್ಲ. ರಸ್ತೆಯನ್ನೇ ದಿಟ್ಟಿಸುತ್ತ ಮನೆಯ ಸಾಲದ ಲೆಕ್ಕ ಹಾಕುತ್ತಿರುವವನನ್ನು ಯಂತ್ರ 'ಎಚ್ಚರ'ನೆಂದೇ ಎಣಿಸುತ್ತದೆ.

ಕಾನೂನು ಏನೆನ್ನುತ್ತದೆ?

ಮೂರನೆಯ ಹಂತದ ವಾಹನಗಳಿಗೆ ವಿಶ್ವಸಂಸ್ಥೆಯ ವೇದಿಕೆಯಲ್ಲಿ ರೂಪುಗೊಂಡ 157ನೇ ನಿಯಮಾವಳಿ 2021ರ ಜನವರಿಯಲ್ಲಿ ಜಾರಿಗೆ ಬಂದಿತು. ಮೊದಲು ಗಂಟೆಗೆ 60 ಕಿ.ಮೀ. ಇದ್ದ ವೇಗದ ಮಿತಿಯನ್ನು 2023ರ ಜನವರಿಯಿಂದ 130 ಕಿ.ಮೀ.ಗೆ ಏರಿಸಲಾಯಿತು. ಈ ನಿಯಮದ ಪ್ರಕಾರ ಚಾಲಕ ಎಚ್ಚರವಾಗಿದ್ದಾನೆಯೇ ಎಂಬುದನ್ನು ಕಣ್ಣು ಮಿಟುಕಿಸುವುದು, ತಲೆಯ ಚಲನೆ ಮೊದಲಾದ ಕನಿಷ್ಠ ಎರಡು ಲಕ್ಷಣಗಳಿಂದ ಯಂತ್ರ ಖಚಿತಪಡಿಸಿಕೊಳ್ಳುತ್ತಿರಬೇಕು. ನಿಯಂತ್ರಣ ಸ್ವೀಕರಿಸುವಂತೆ ಕರೆ ನೀಡಿದ ಮೇಲೆ ಸಾಮಾನ್ಯ ಸಂದರ್ಭದಲ್ಲಿ ಕನಿಷ್ಠ 10 ಸೆಕೆಂಡು ತಾನೇ ಚಾಲನೆ ಮುಂದುವರಿಸಬೇಕು. ಅಷ್ಟರಲ್ಲಿಯೂ ಚಾಲಕ ಸ್ಪಂದಿಸದಿದ್ದರೆ ವೇಗ ತಗ್ಗಿಸಿ ವಾಹನವನ್ನು ನಿಲ್ಲಿಸಬೇಕು.

ಜಪಾನಿನ ಹೋಂಡಾ ಕಂಪನಿ 2021ರ ಮಾರ್ಚ್‌ನಲ್ಲಿ ಮೂರನೆಯ ಹಂತದ 100 ಲೆಜೆಂಡ್ ಕಾರುಗಳನ್ನು ಗುತ್ತಿಗೆಗೆ ನೀಡಿ ಈ ಅಧ್ಯಾಯ ಆರಂಭಿಸಿತು. ಜರ್ಮನಿಯಲ್ಲಿ ಮರ್ಸಿಡಿಸ್ ಕಂಪನಿಯ ಡ್ರೈವ್ ಪೈಲಟ್ 2022ರಲ್ಲಿ ಗ್ರಾಹಕರಿಗೆ ದೊರೆಯಿತು. ಜರ್ಮನಿ 2017ರಲ್ಲಿಯೇ ತನ್ನ ರಸ್ತೆ ಸಂಚಾರ ಕಾಯ್ದೆ ತಿದ್ದಿ, ಚಾಲಕ ರಸ್ತೆಯಿಂದ ಗಮನ ಬೇರೆಡೆ ಹರಿಸಬಹುದಾದರೂ ಕರೆಯನ್ನು ಗ್ರಹಿಸುವಷ್ಟು ಸಿದ್ಧನಿರಬೇಕು ಎಂದು ವಿಧಿಸಿತ್ತು. ಅಂದರೆ ಆತ ಓದಬಹುದು, ನಿದ್ರಿಸುವಂತಿಲ್ಲ. ಬ್ರಿಟನ್ 2024ರಲ್ಲಿ ಸ್ವೀಕರಿಸಿದ ಸ್ವಯಂಚಾಲಿತ ವಾಹನ ಕಾಯ್ದೆಯು, ಯಂತ್ರ ಓಡಿಸುತ್ತಿರುವಾಗ ನಡೆಯುವ ಚಾಲನಾ ಅಪರಾಧಗಳಿಗೆ ಕಾರಿನಲ್ಲಿ ಕುಳಿತವರನ್ನು ಹೊಣೆಯಾಗಿಸದೆ ರಕ್ಷಣೆ ಕೊಡುತ್ತದೆ. ಆದರೆ ಕರೆ ಬಂದು ನಿಗದಿತ ಅವಧಿ ಮುಗಿದ ಮೇಲೆ ಆ ರಕ್ಷಣೆ ಇರುವುದಿಲ್ಲ.

ವಿಜ್ಞಾನಕ್ಕೂ ಕಾನೂನಿಗೂ ತಾಳೆಯಾಗದಿರುವುದು ಇಲ್ಲಿಯೇ. ಕಾನೂನಿನ ದೃಷ್ಟಿಯಲ್ಲಿ ಹಸ್ತಾಂತರ ಒಂದು ಕ್ಷಣ. ಅದರ ಆಚೆಗೆ ಹೊಣೆ ಪೂರ್ತಿ ಚಾಲಕನದು. ಪ್ರಯೋಗಗಳ ಪ್ರಕಾರ ಅದು ಹಲವು ಸೆಕೆಂಡುಗಳ ಇಳಿಜಾರು. ಹನ್ನೊಂದನೆಯ ಸೆಕೆಂಡಿನಲ್ಲಿ ಅಪಘಾತವಾದರೆ ಸ್ಟೀರಿಂಗ್ ಹಿಡಿದಿದ್ದವನು ಚಾಲಕನೇನೋ ಹೌದು. ಆದರೆ ರಸ್ತೆ ಇನ್ನೂ ಅವನ ಅರಿವಿಗೆ ಪೂರ್ಣವಾಗಿ ಬಂದಿರಲಾರದು.

ನಮ್ಮ ರಸ್ತೆಗಳಲ್ಲಿ

ಚಾಲಕರ ಉದ್ಯೋಗಕ್ಕೆ ಕುತ್ತು ಬರುತ್ತದೆಂಬ ಕಾರಣ ನೀಡಿ ಚಾಲಕರಹಿತ ಕಾರುಗಳಿಗೆ ಭಾರತದಲ್ಲಿ ಅವಕಾಶ ಕೊಡುವುದಿಲ್ಲವೆಂದು ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿ 2017ರಲ್ಲಿ ಹೇಳಿದ್ದರು. 2023ರಲ್ಲಿಯೂ ಅದನ್ನೇ ಪುನರುಚ್ಚರಿಸಿದರು. ಆದರೆ ಚಾಲಕನಿರುವ, ಅರೆ ಸ್ವಯಂಚಾಲಿತ ಕಾರುಗಳು ಆಗಲೇ ನಮ್ಮ ಮಾರುಕಟ್ಟೆಯಲ್ಲಿವೆ. 2021ರಲ್ಲಿ ಬಂದ ಮಹೀಂದ್ರಾ ಎಕ್ಸ್‌ಯುವಿ700, ಎಂಜಿ ಆಸ್ಟರ್ ಹಾಗೂ ಅವುಗಳ ಹಿಂದೆಯೇ ಬಂದ ಹೋಂಡಾ, ಹ್ಯುಂಡೈ, ಟಾಟಾ ಕಂಪನಿಗಳ ಮಾದರಿಗಳಲ್ಲಿ ಪಥ ಕಾಯುವ, ಮುಂದಿನ ವಾಹನದಿಂದ ಅಂತರ ಉಳಿಸಿಕೊಳ್ಳುವ ಸೌಲಭ್ಯಗಳು ದೊರೆತವು. 'ಎಡಿಎಎಸ್' ಎಂಬ ನಾಲ್ಕಕ್ಷರ ಈಗ ಕಾರು ಮಳಿಗೆಗಳಲ್ಲಿ ಮಾರಾಟದ ಮಂತ್ರವಾಗಿದೆ.

ಇಂತಹ ತಂತ್ರಜ್ಞಾನದ ಸೃಷ್ಟಿಯಲ್ಲಿ ಬೆಂಗಳೂರಿನ ಪಾಲೂ ಸಣ್ಣದಲ್ಲ. ಮರ್ಸಿಡಿಸ್, ಬಾಷ್ ಮೊದಲಾದ ಕಂಪನಿಗಳ ಎಂಜಿನಿಯರಿಂಗ್ ಕೇಂದ್ರಗಳು ಇಲ್ಲಿವೆ. ಆದರೆ ತಂತ್ರಾಂಶ ಬರೆಯುವ ಊರಿನ ರಸ್ತೆಗಳೇ ಯಂತ್ರಕ್ಕೆ ಕಠಿಣ ಪರೀಕ್ಷೆ ಒಡ್ಡುತ್ತವೆ. ಪಥ ಕಾಯುವ ವ್ಯವಸ್ಥೆ ನೆಚ್ಚಿಕೊಂಡಿರುವುದು ರಸ್ತೆಯ ಮೇಲಿನ ಬಿಳಿಗೆರೆಗಳನ್ನು. ಗೆರೆ ಮಾಸಿದ ಕಡೆ, ಧಾರಾಕಾರ ಮಳೆಯಲ್ಲಿ, ಕಾಮಗಾರಿಯ ಬದಲಿ ಮಾರ್ಗದಲ್ಲಿ ಯಂತ್ರ ಕೈಚೆಲ್ಲುತ್ತದೆ. ಕೆಲವು ಸಂದರ್ಭಗಳಲ್ಲಿ ಸಣ್ಣ ಸದ್ದೊಂದು, ಫಲಕದಲ್ಲಿ ಬಣ್ಣ ಬದಲಿಸುವ ಚಿಹ್ನೆಯೊಂದು ಬಿಟ್ಟರೆ ಬೇರೆ ಮುನ್ಸೂಚನೆಯೇ ಇರುವುದಿಲ್ಲ. ಎದುರು ದಿಕ್ಕಿನಿಂದ ಬರುವ ದ್ವಿಚಕ್ರ ವಾಹನ, ಡಿವೈಡರ್ ದಾಟಿ ಬರುವ ದನ, ಬಣ್ಣ ಬಳಿಯದ ಉಬ್ಬು ಇವು ನಮ್ಮ ಹೆದ್ದಾರಿಗಳಲ್ಲಿ ಅಪರೂಪವೇನಲ್ಲ. 2023ರಲ್ಲಿ ಉದ್ಘಾಟನೆಗೊಂಡ ಬೆಂಗಳೂರು-ಮೈಸೂರು ಹೆದ್ದಾರಿಯಂತಹ ನೇರ ರಸ್ತೆಗಳು ಯಂತ್ರಕ್ಕೆ ಅನುಕೂಲಕರ. ಆದರೆ ಚಾಲಕ ಮೈಮರೆಯುವ ಸಂಭವ ಹೆಚ್ಚಿರುವುದೂ ಅಂತಹ ರಸ್ತೆಯಲ್ಲಿಯೇ.

ಇನ್ನೊಂದು ಸೂಕ್ಷ್ಮ ಸಂಗತಿಯಿದೆ. ನಮ್ಮಲ್ಲಿ ಕಾರು ಕೊಳ್ಳುವವರು ಒಬ್ಬರಾದರೆ ಓಡಿಸುವವರು ಸಂಬಳದ ಚಾಲಕರಾಗಿರುವುದುಂಟು. ಕೈಪಿಡಿ ಮಾಲೀಕರ ಮನೆಯ ಕಪಾಟಿನಲ್ಲಿರುತ್ತದೆ, ಸ್ಟೀರಿಂಗ್ ಚಾಲಕನ ಕೈಯಲ್ಲಿರುತ್ತದೆ. ವ್ಯವಸ್ಥೆ ಎಲ್ಲಿ ಕೈಕೊಡುತ್ತದೆ ಎಂಬುದನ್ನು ಆತನಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಆದರೆ 1988ರ ಮೋಟಾರು ವಾಹನ ಕಾಯ್ದೆಯಡಿ ಅಪಾಯಕಾರಿ ಚಾಲನೆಯ ಹೊಣೆ ಆತನದೇ. ಯಂತ್ರ ಓಡಿಸುತ್ತಿತ್ತು ಎಂಬ ಸಮಜಾಯಿಷಿಗೆ ಎರಡನೆಯ ಹಂತದ ಕಾರಿನಲ್ಲಿ ಆಸ್ಪದವಿಲ್ಲ. ಚಾಲನೆಯ ವೇಳೆ ಕೈಯಲ್ಲಿ ಫೋನ್ ಹಿಡಿಯುವುದನ್ನು 2019ರ ತಿದ್ದುಪಡಿ ಅಪಾಯಕಾರಿ ಚಾಲನೆಯ ಪಟ್ಟಿಗೆ ಸೇರಿಸಿದೆ. ಬಸ್ಸು, ಲಾರಿಗಳಲ್ಲಿ ಚಾಲಕನ ತೂಕಡಿಕೆ ಗುರುತಿಸುವ ಸಾಧನ, ಸ್ವಯಂಚಾಲಿತ ತುರ್ತು ಬ್ರೇಕ್ ಮೊದಲಾದವನ್ನು ಕಡ್ಡಾಯಗೊಳಿಸುವ ಕರಡು ಅಧಿಸೂಚನೆಯನ್ನು ಕೇಂದ್ರ ಸರ್ಕಾರ 2025ರ ಮಾರ್ಚ್‌ನಲ್ಲಿ ಹೊರಡಿಸಿತು.

ಚಾಲಕರ ಗಮನಕ್ಕೆ

ಸಂಶೋಧನೆಗಳಿಂದ ಹೊರಹೊಮ್ಮುವ ಕೆಲವು ಪ್ರಾಯೋಗಿಕ ಸೂತ್ರಗಳು ಹೀಗಿವೆ.

* ಕಾರಿನ ಸೌಲಭ್ಯ ಎರಡನೆಯ ಹಂತದ್ದಾದರೆ ಯಂತ್ರದ ಕರೆಗಾಗಿ ಕಾಯಬಾರದು. ಅದು ಕರೆಯದೆಯೂ ಕೈಬಿಡಬಹುದು.

* ಟೋಲ್ ಕಟ್ಟೆ, ಕಾಮಗಾರಿ, ಕವಲು, ಊರಿನ ಪ್ರವೇಶ ಕಂಡ ಕೂಡಲೇ, ಇನ್ನೂ ದೂರವಿರುವಾಗಲೇ, ಚಾಲನೆಯನ್ನು ತಾವಾಗಿ ಪಡೆಯಬೇಕು. ನಾವು ಬಯಸಿ ಪಡೆದ ನಿಯಂತ್ರಣ, ಯಂತ್ರ ಎಸೆದ ನಿಯಂತ್ರಣಕ್ಕಿಂತ ಸುರಕ್ಷಿತ.

* ಎಚ್ಚರಿಕೆಯ ಸದ್ದು ಕೇಳಿದಾಗ ಸ್ಟೀರಿಂಗ್ ಹಠಾತ್ತನೆ ತಿರುಗಿಸಬಾರದು. ಮುಂದೆ ನೋಡಿ, ವೇಗ ತಗ್ಗಿಸಿ, ಕನ್ನಡಿ ಗಮನಿಸಿ, ಅನಂತರವೇ ಪಥ ಬದಲಿಸುವುದು ಲೇಸು. ಅಪಾಯ ತೀರ ಸಮೀಪವಿದ್ದರೆ ಮೊದಲ ಆಯ್ಕೆ ನೇರ ಹಾದಿಯಲ್ಲಿ ಗಟ್ಟಿಯಾಗಿ ಬ್ರೇಕ್ ಒತ್ತುವುದು.

* ನಿಯಂತ್ರಣ ಪಡೆದ ಮೊದಲ ಅರ್ಧ ನಿಮಿಷ ಮುಂದಿನ ವಾಹನವನ್ನು ಹಿಂದಿಕ್ಕುವ ಸಾಹಸ ಬೇಡ. ಮನಸ್ಸು ಇನ್ನೂ ರಸ್ತೆಗೆ ಮರಳುತ್ತಿರುತ್ತದೆ.

* ಸಂಬಳದ ಚಾಲಕರಿದ್ದರೆ ಕಾರಿನ ಸೌಲಭ್ಯಗಳನ್ನೂ ಅವುಗಳ ಮಿತಿಗಳನ್ನೂ ಅವರಿಗೆ ಕನ್ನಡದಲ್ಲಿ ವಿವರಿಸಿ, ಖಾಲಿ ರಸ್ತೆಯಲ್ಲಿ ಅಭ್ಯಾಸ ಮಾಡಿಸುವುದು ಮಾಲೀಕರ ಕರ್ತವ್ಯ.

* ವಾರದಲ್ಲಿ ಕೆಲವು ಪ್ರಯಾಣಗಳನ್ನಾದರೂ ಯಂತ್ರದ ನೆರವಿಲ್ಲದೆ ಮಾಡುವುದು ಒಳಿತು. ಬಳಸದ ಕೌಶಲ ತುಕ್ಕು ಹಿಡಿಯುತ್ತದೆ.

ಸ್ವಯಂಚಾಲನೆಯ ನೆರವಿನಿಂದ ಎಷ್ಟೋ ಅಪಘಾತಗಳು ತಪ್ಪುತ್ತವೆ ಎಂಬುದರಲ್ಲಿ ಸಂಶಯವಿಲ್ಲ. ತುರ್ತು ಬ್ರೇಕ್ ವ್ಯವಸ್ಥೆಯ ಉಪಯುಕ್ತತೆ ಸಿದ್ಧವಾದ ಸಂಗತಿ. ಅಪಾಯವಿರುವುದು ಯಂತ್ರ ನೆರವಾಗುವುದರಲ್ಲಲ್ಲ. ನೆರವು ನಿಂತ ಕ್ಷಣದಲ್ಲಿ ಮನುಷ್ಯ ಸಿದ್ಧನಿರುತ್ತಾನೆ ಎಂಬ ನಂಬಿಕೆಯಲ್ಲಿ. ವಿನ್ಯಾಸಕಾರರು, ಕಾನೂನು ರೂಪಿಸುವವರು ಆ ನಂಬಿಕೆಯನ್ನು ಮರುಪರಿಶೀಲಿಸುವವರೆಗೆ, ಸ್ಟೀರಿಂಗ್ ಮುಂದೆ ಕುಳಿತವರು ತಮ್ಮ ಎಚ್ಚರವನ್ನು ತಾವೇ ಕಾಯ್ದುಕೊಳ್ಳಬೇಕಾಗಿದೆ.